ದಿನದ ಓಡಾಟಕ್ಕೆ ಚುರುಕು ಹ್ಯಾಚ್‌ಬ್ಯಾಕ್: ಮಂಡ್ಯ–ಮೈಸೂರು ದಾರಿಯವರು ಹೇಗೆ ಆರಿಸಬೇಕು

ನನ್ನ ಮನೆ ಇರುವುದು ಮಂಡ್ಯದಿಂದ ಎಂಟು ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿ. ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ದಿನಕ್ಕೆ ಹೆಚ್ಚುಕಡಿಮೆ 100 ಕಿಲೋಮೀಟರ್ ಓಡಾಟ. ಈ ದಾರಿಯಲ್ಲಿ ಎರಡು ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಓಡಿಸಿದ್ದೇನೆ. ಮೊದಲನೆಯದು ಸೆಕೆಂಡ್ ಹ್ಯಾಂಡ್, ಅದನ್ನು ಆರಿಸಿದ ರೀತಿಯೇ ತಪ್ಪಾಗಿತ್ತು. ಎರಡನೆಯದು ಹೊಸದು, ಈಗ ನಾಲ್ಕನೇ ವರ್ಷ, ಮನೆಯವರಿಗೆಲ್ಲ ಒಗ್ಗಿಹೋಗಿದೆ. ಎರಡರ ನಡುವೆ ನಾನು ಕಲಿತದ್ದು ಇಷ್ಟು: ಇಂಥ ಕಾರನ್ನು ಎಕ್ಸ್‌ಪ್ರೆಸ್‌ವೇ ನೋಡಿ ಆರಿಸಬಾರದು, ಮನೆಯಿಂದ ಎಕ್ಸ್‌ಪ್ರೆಸ್‌ವೇ ತನಕ ಇರುವ ರಸ್ತೆ ನೋಡಿ ಆರಿಸಬೇಕು.

ಮೊದಲು ನಿಮ್ಮ ದಾರಿಯನ್ನು ಕಾಗದದ ಮೇಲೆ ಬರೆಯಿರಿ

ಷೋರೂಂಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು. ನೀವು ವಾರದಲ್ಲಿ ಓಡಾಡುವ ರಸ್ತೆಯನ್ನು ತುಂಡು ತುಂಡಾಗಿ ಬರೆದುಕೊಳ್ಳಿ. ನನ್ನದು ಹೀಗಿದೆ: ಹಳ್ಳಿಯಿಂದ ಮಂಡ್ಯದವರೆಗೆ ಎಂಟು ಕಿಲೋಮೀಟರ್, ಅದರಲ್ಲಿ 14 ಹಂಪ್, ಒಂದು ಕಡೆ ವಿ.ಸಿ. ನಾಲೆಯ ಏರಿ, ಕಟಾವಿನ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರ್‌ಗಳು. ಆಮೇಲೆ ಸರ್ವಿಸ್ ರಸ್ತೆ, ಅಲ್ಲಿಂದ ಎಕ್ಸ್‌ಪ್ರೆಸ್‌ವೇ. ಕೊನೆಗೆ ಮೈಸೂರಿನ ರಿಂಗ್ ರೋಡ್ ಮತ್ತು ಬೆಳಿಗ್ಗೆ ಎಂಟೂವರೆಗೆ ಕಾರ್ಖಾನೆ ಬಸ್ಸುಗಳ ಹಿಂದೆ ಸಿಗ್ನಲ್ ಕಾಯುವುದು.

ಬರೆದಾದ ಮೇಲೆ ಯಾವ ತುಂಡು ಕಾರಿಗೆ ಕಷ್ಟ ಎಂದು ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಕ್ಯಾಮೆರಾಗಳು ಕಣ್ಣಿಟ್ಟಿರುತ್ತವೆ, ದಂಡದ ಸಂದೇಶ ಮೊಬೈಲಿಗೇ ಬರುತ್ತದೆ. ಇವತ್ತು ಮಾರುವ ಯಾವ ಹ್ಯಾಚ್‌ಬ್ಯಾಕ್ ಆದರೂ 100ರಲ್ಲಿ ನೆಮ್ಮದಿಯಾಗಿ ಹೋಗುತ್ತದೆ. ಹಾಗಾಗಿ ಆ ನಲವತ್ತು ಕಿಲೋಮೀಟರ್ ಕಾರಿಗೆ ಪರೀಕ್ಷೆಯೇ ಅಲ್ಲ. ಪರೀಕ್ಷೆ ಇರುವುದು ಎರಡು ಕಡೆ. ಸರ್ವಿಸ್ ರಸ್ತೆಯಿಂದ ಒಳಗೆ ಸೇರುವಾಗ ಹಿಂದಿನಿಂದ ಬರುವ ಲಾರಿಯ ಮುಂದೆ 40ರಿಂದ 80ಕ್ಕೆ ಎಷ್ಟು ಸಲೀಸಾಗಿ ಏರುತ್ತದೆ ಎಂಬುದು ಒಂದು. ಹಳ್ಳಿ ರಸ್ತೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಹಂಪ್ ದಾಟುತ್ತದೆಯೇ ಎಂಬುದು ಇನ್ನೊಂದು.

'ಸ್ಪೋರ್ಟಿ' ಅಂದರೆ ಯಾವುದು ಎಂದು ಬಿಡಿಸಿ ನೋಡಿ

ಕೆಂಪು ದಾರದ ಹೊಲಿಗೆ, ಕಪ್ಪು ಚಾವಣಿ, ಬಾಗಿಲಿನ ಮೇಲೆ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಸೇಲ್ಸ್‌ನವರನ್ನು ನಾಲ್ಕು ವಿಷಯ ಕೇಳಿ: ಎಂಜಿನ್ ಬೇರೆಯೇ? ಸಸ್ಪೆನ್ಷನ್ ಬೇರೆ ಟ್ಯೂನ್ ಮಾಡಿದ್ದಾರೆಯೇ? ಸ್ಟಿಯರಿಂಗ್‌ನ ತೂಕ ಬದಲಾಗಿದೆಯೇ? ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಇದೆಯೇ? ಎರಡಕ್ಕಾದರೂ 'ಹೌದು' ಎಂಬ ಉತ್ತರ ಬಂದರೆ ಮಾತ್ರ ಆ ಹೆಸರಿಗೆ ಬೆಲೆ.

2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್‌ನಲ್ಲಿ 1 ಲೀಟರ್ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಪೆಟ್ರೋಲ್ ಎಂಜಿನ್, 120 ಪಿಎಸ್ ಶಕ್ತಿ, 172 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ). ಸಸ್ಪೆನ್ಷನ್ ಬಿಗಿ, ಸ್ಟಿಯರಿಂಗ್ ತೂಕವಾಗಿದೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಇದೆ. 2023ರಿಂದ ಮಾಮೂಲಿ ಕ್ಲಚ್ ಇರುವ 6 ಗೇರಿನ ಮ್ಯಾನ್ಯುಯಲ್ ಕೂಡ ಸಿಕ್ಕಿತು. ಯೂಟ್ಯೂಬಿನಲ್ಲಿ ನೋಡುವ ಯುರೋಪಿನ 204 ಪಿಎಸ್‌ನ 'ಐ20 ಎನ್' ಇದಲ್ಲ, ಅದು ನಮ್ಮ ದೇಶಕ್ಕೆ ಬಂದೇ ಇಲ್ಲ. ಟಾಟಾ ಆಲ್ಟ್ರೋಜ್ ರೇಸರ್ 2024ರ ಜೂನ್‌ನಲ್ಲಿ ಬಂತು: 1.2 ಲೀಟರ್ ಟರ್ಬೊ, 120 ಪಿಎಸ್, 170 ಎನ್‌ಎಂ, 6 ಗೇರ್. ಫೋಕ್ಸ್‌ವ್ಯಾಗನ್ ಪೋಲೊ ತಯಾರಿಕೆ ಇಲ್ಲಿ 2022ರಲ್ಲಿ ನಿಂತುಹೋಯಿತು, ಆದರೂ ಸೆಕೆಂಡ್ ಹ್ಯಾಂಡ್‌ನಲ್ಲಿ ಪೋಲೊ ಜಿಟಿಗೆ ಈಗಲೂ ಜನ ಹುಡುಕಿಕೊಂಡು ಹೋಗುತ್ತಾರೆ. 2025ರಲ್ಲಿ ಗಾಲ್ಫ್ ಜಿಟಿಐ ಹೊರದೇಶದಿಂದ ಇಡಿಯಾಗಿ ಬಂದಿಳಿಯಿತು, ಬೆಲೆ 50 ಲಕ್ಷ ದಾಟಿತು. ಅದು ಈ ಲೇಖನದ ಲೆಕ್ಕಕ್ಕೆ ಸೇರುವುದಿಲ್ಲ.

ಪಿಎಸ್ ಸಂಖ್ಯೆಗಿಂತ ಟಾರ್ಕ್ ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ) ಸಿಗುತ್ತದೆ ಎಂದು ನೋಡುವುದು ಮುಖ್ಯ. ಈಗಿನ ಮಾರುತಿ ಸ್ವಿಫ್ಟ್‌ಗೆ 112 ಎನ್‌ಎಂ, ಅದು ಪೂರ್ತಿ ಸಿಗುವುದು 4,300 ಆರ್‌ಪಿಎಂನಲ್ಲಿ. ಎನ್ ಲೈನ್‌ನ 172 ಎನ್‌ಎಂ 1,500ಕ್ಕೇ ಬಂದು 4,000ದವರೆಗೂ ಇರುತ್ತದೆ. ಅಂದರೆ ಸರ್ವಿಸ್ ರಸ್ತೆಯಿಂದ ಒಳನುಗ್ಗುವಾಗ ಸ್ವಿಫ್ಟ್‌ನಲ್ಲಿ ಒಂದು ಗೇರ್ ಇಳಿಸಬೇಕು, ಟರ್ಬೊದಲ್ಲಿ ಕಾಲು ಒತ್ತಿದರೆ ಸಾಕು. ಹಾಗಂತ ಸ್ವಿಫ್ಟ್ ಮಂಕು ಎಂದು ನಾನು ಹೇಳುವುದಿಲ್ಲ. ಅದರ ತೂಕ ಒಂದು ಟನ್‌ಗೂ ಕಡಿಮೆ, ತಿರುವಿನಲ್ಲಿ ಹಗುರಾಗಿ ತಿರುಗುತ್ತದೆ, ಮೈಲೇಜ್ ಕೊಡುತ್ತದೆ. ದಿನಕ್ಕೆ 30 ಕಿಲೋಮೀಟರ್ ಊರೊಳಗೇ ಓಡಾಡುವ ಕುವೆಂಪುನಗರ, ಸರಸ್ವತಿಪುರಂನವರಿಗೆ ಟರ್ಬೊ ಬೇಕೇ ಬೇಕು ಎನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಟೇಪ್ ತೆಗೆದುಕೊಂಡು ಹೋಗಿ

ಗ್ರೌಂಡ್ ಕ್ಲಿಯರೆನ್ಸ್ (ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ) ಎಂದು ಕಂಪನಿ ಬರೆಯುವ ಸಂಖ್ಯೆ ಸಾಮಾನ್ಯವಾಗಿ ಖಾಲಿ ಕಾರಿನದು. ನಮ್ಮ ಹಂಪ್ ದಾಟಬೇಕಾದದ್ದು ತುಂಬಿದ ಕಾರು. ನಾನು ಎರಡನೇ ಸಲ ಕಾರು ನೋಡಲು ಹೋದಾಗ ಅಪ್ಪ, ಅಮ್ಮ, ಹೆಂಡತಿ ಮೂವರನ್ನೂ ಕರೆದುಕೊಂಡು ಹೋಗಿದ್ದೆ. ಎಲ್ಲರನ್ನೂ ಒಳಗೆ ಕೂರಿಸಿ, ಡ್ರೈವರ್ ಸೀಟಿಗೆ ಷೋರೂಂ ಹುಡುಗನನ್ನು ಹತ್ತಿಸಿ, ನಾನು ನೆಲಕ್ಕೆ ಮಂಡಿಯೂರಿ ಸೈಲೆನ್ಸರ್‌ನ ತೀರಾ ಕೆಳಗಿನ ಭಾಗದಿಂದ ನೆಲಕ್ಕೆ ಟೇಪ್ ಹಿಡಿದೆ. ಕಾಗದದಲ್ಲಿ ಆರೂವರೆ ಇಂಚು ಇದ್ದದ್ದು ಐದೂಕಾಲಿಗೆ ಇಳಿದಿತ್ತು. ಇನ್ನು ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದರೆ ಅದಕ್ಕೂ ಕಡಿಮೆ. ಆ ಹುಡುಗ ಮುಜುಗರಪಟ್ಟುಕೊಂಡ, ಆದರೆ ನನಗೆ ಬೇಕಿದ್ದ ಸಂಖ್ಯೆ ಸಿಕ್ಕಿತು.

ಅದೇ ಟೇಪ್ ತಂದು ಊರಿನ ಹಂಪ್ ಅಳೆಯಿರಿ. ರಸ್ತೆ ಎಂಜಿನಿಯರಿಂಗ್ ನಿಯಮದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥದ್ದನ್ನು ಯಾವ ಕಾರೂ ಮೆತ್ತಗೆ ಹತ್ತಿಳಿಯುತ್ತದೆ. ಅಪಘಾತವಾದ ಮಾರನೆಯ ದಿನ ಊರವರೇ ಸಿಮೆಂಟ್ ಸುರಿದು ಕಟ್ಟಿದ ಹಂಪ್ ಎರಡಡಿ ಅಗಲಕ್ಕೆ ಗೋಡೆ ಹಾಗೆ ಎದ್ದು ನಿಂತಿರುತ್ತದೆ. ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಹತ್ತದಿರುವಾಗ ಹೊಟ್ಟೆ ತಾಗುತ್ತದೆ. ಟೇಪಿನ ಎರಡು ಸಂಖ್ಯೆಗಳ ನಡುವೆ ಒಂದು ಇಂಚಾದರೂ ಉಳಿದರೆ ಕಾರು ನಿಮ್ಮ ಊರಿಗೆ ಆಗುತ್ತದೆ. ಉಳಿಯದಿದ್ದರೆ ಎಷ್ಟೇ ಇಷ್ಟವಾದರೂ ಬಿಟ್ಟುಬಿಡಿ.

ಟೈರ್ ಮೇಲಿನ ಅಂಕಿ ಓದುವುದನ್ನೂ ಕಲಿಯಿರಿ. 195/55 ಆರ್16 ಅಂದರೆ ಟೈರ್ ಅಗಲ 195 ಮಿ.ಮೀ., ಬದಿಯ ಎತ್ತರ ಅದರ ನೂರಕ್ಕೆ 55 ಭಾಗ, ರಿಮ್ 16 ಇಂಚು. ಲೆಕ್ಕ ಹಾಕಿದರೆ ರಿಮ್‌ಗೂ ರಸ್ತೆಗೂ ನಡುವೆ ಇರುವ ರಬ್ಬರ್ 107 ಮಿ.ಮೀ. 185/65 ಆರ್15 ಆದರೆ 120 ಮಿ.ಮೀ. ಚಕ್ರದ ಒಟ್ಟು ಎತ್ತರ ಎರಡರಲ್ಲೂ ಒಂದೇ, ಆದರೆ ಗುಂಡಿಗೆ ಬಿದ್ದಾಗ ಪೆಟ್ಟು ತಡೆಯಲು 13 ಮಿ.ಮೀ. ಹೆಚ್ಚು ರಬ್ಬರ್ ಇರುತ್ತದೆ. 215/45 ಆರ್17ಕ್ಕೆ ಹೋದರೆ ಉಳಿಯುವುದು 97 ಮಿ.ಮೀ. ಮಾತ್ರ.

ನನ್ನ ಮೊದಲ ಕಾರಿಗೆ ಹಿಂದಿನ ಮಾಲೀಕರು ಇಂಥದೇ 17 ಇಂಚಿನ ಅಲಾಯ್ ಹಾಕಿಸಿದ್ದರು. ನಾನು ಮರುಳಾಗಿದ್ದು ಅದಕ್ಕೇ. ಮಳೆಗಾಲದ ಒಂದು ರಾತ್ರಿ ಪಾಂಡವಪುರ ಕಡೆಯಿಂದ ಬರುವಾಗ ನೀರು ತುಂಬಿದ ಗುಂಡಿ ಕಾಣಲಿಲ್ಲ. ಕಲ್ಲಿಗೆ ಕಬ್ಬಿಣ ಹೊಡೆದ ಹಾಗೆ ಸದ್ದು. ಬೆಳಿಗ್ಗೆ ನೋಡಿದರೆ ರಿಮ್ ಅಂಚು ಸೀಳಿತ್ತು, ಟೈರಿನ ಬದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಉಬ್ಬು ಬಂತೆಂದರೆ ಒಳಗಿನ ದಾರ ಹರಿದಿದೆ ಎಂದರ್ಥ. ಪಂಕ್ಚರ್ ಅಂಗಡಿಯಲ್ಲಿ ಅದು ಸರಿಹೋಗುವುದಿಲ್ಲ, ಎಕ್ಸ್‌ಪ್ರೆಸ್‌ವೇ ವೇಗಕ್ಕೆ ಸಿಡಿಯಬಹುದು, ಆ ಟೈರ್ ಬಿಸಾಡಲೇಬೇಕು. ಆ ವರ್ಷ ಇದೇ ರೀತಿ ಮೂರು ಟೈರ್ ಹೋದವು. ಹಾಗಾಗಿ ನಮ್ಮ ಕಡೆಯವರಿಗೆ ನನ್ನ ಗಟ್ಟಿ ಸಲಹೆ: 16 ಇಂಚಿಗಿಂತ ದೊಡ್ಡ ರಿಮ್ ಬೇಡ, ಕಂಪನಿ ಕೊಟ್ಟ ಅಳತೆಗಿಂತ ತೆಳುವಾದ ಟೈರ್ ಬೇಡ. ಸ್ಟೆಪ್ನಿಯನ್ನೂ ತೆಗೆಸಿ ನೋಡಿ. ಚಿಕ್ಕ ಅಳತೆಯ ಸ್ಟೆಪ್ನಿ ಕೊಟ್ಟಿದ್ದರೆ ಅದರ ಮೇಲೆ ಗಂಟೆಗೆ 80 ಕಿಲೋಮೀಟರ್ ವೇಗದ ಮಿತಿ ಎಂದು ಬರೆದಿರುತ್ತದೆ.

ತಗ್ಗಿನ ಕಾರಿಗೆ ನಮ್ಮ ಕಡೆ ಇನ್ನೊಂದು ಅಪಾಯವಿದೆ, ಇದನ್ನು ಯಾವ ರಿವ್ಯೂನಲ್ಲೂ ಹೇಳುವುದಿಲ್ಲ. ಸಂಕ್ರಾಂತಿ ಆಸುಪಾಸಿನಲ್ಲಿ ಮಂಡ್ಯ, ಮೈಸೂರು ಕಡೆಯ ಹಳ್ಳಿ ರಸ್ತೆಗಳ ಮೇಲೆ ಹುರುಳಿ ಒಕ್ಕಣೆ ಮಾಡುತ್ತಾರೆ. ಒಣಗಿದ ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಕಾರಿನ ಅಡಿಗೆ ಹೋಗಿ, ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟುಹೋದ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಹಲವು ಸಲ ಬಂದಿದೆ. ಟರ್ಬೊ ಕಾರನ್ನು ಎಳೆದು ಓಡಿಸಿಕೊಂಡು ಬಂದಾಗ ಎಕ್ಸಾಸ್ಟ್ ಕೆಂಡದ ಹಾಗಿರುತ್ತದೆ. ಒಕ್ಕಣೆ ಕಂಡರೆ ಇಳಿದು ಕೇಳಿ, ಒಂದು ಬದಿ ಸರಿಸಿಕೊಡುತ್ತಾರೆ. ದಾಟಲೇಬೇಕಾಗಿ ಬಂದರೆ ಮುಂದೆ ನಿಲ್ಲಿಸಿ, ಬಗ್ಗಿ ಅಡಿಯನ್ನು ನೋಡಿ, ಸಿಕ್ಕಿಕೊಂಡದ್ದನ್ನು ಕೋಲಿನಲ್ಲಿ ಎಳೆದುಹಾಕಿ.

ಗೇರ್

ಇದು ಬೇಗ ಮುಗಿಯುವ ವಿಷಯ. ನಿಮ್ಮ ದಾರಿಯಲ್ಲಿ ಅರ್ಧ ಗಂಟೆಗೂ ಹೆಚ್ಚು ತೆವಳುವ ಟ್ರಾಫಿಕ್ ಇದ್ದರೆ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಬಿಸಿಯಾಗುತ್ತದೆ. ಅದರಲ್ಲೂ ಎಣ್ಣೆಯಲ್ಲಿ ಮುಳುಗದ ಡ್ರೈ ಕ್ಲಚ್ ಇದ್ದರೆ ಇನ್ನೂ ಬೇಗ. ಅದೃಷ್ಟಕ್ಕೆ ಮೈಸೂರಿನಲ್ಲಿ ಬೆಂಗಳೂರಿನಷ್ಟು ತೆವಳುವುದಿಲ್ಲ, ದಸರಾ ಹತ್ತು ದಿನ ಬಿಟ್ಟರೆ. ಒಬ್ಬರೇ ಓಡಿಸುವುದಾದರೆ ಮ್ಯಾನ್ಯುಯಲ್ ತೆಗೆದುಕೊಳ್ಳಿ ಎನ್ನುತ್ತೇನೆ. ಮನೆಯಲ್ಲಿ ಇಬ್ಬರು ಮೂವರು ಓಡಿಸುವುದಾದರೆ ಎಲ್ಲರೂ ಕ್ಲಚ್ ಒತ್ತಿ ನೋಡಿ, ಎಡ ಮಂಡಿ ನೋವಿರುವವರ ಮಾತೇ ಕೊನೆಯ ಮಾತಾಗಲಿ.

ಹಿಂದಿನ ಸೀಟಿನಲ್ಲಿ ಕೂರುವವರನ್ನು ಕೇಳಿ

ಸ್ಪೋರ್ಟಿ ಕಾರಿನ ಸೀಟು ತಗ್ಗು, ಒಳಗೆಲ್ಲ ಕಪ್ಪು ಬಣ್ಣ, ಹಿಂದಿನ ಕಿಟಕಿ ಚಿಕ್ಕದು. ಓಡಿಸುವವನಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಒಂದು ಕಾರಿನಲ್ಲಿ ಅಪ್ಪ ಹಿಂದೆ ಕೂತು ಐದು ನಿಮಿಷ ಸುಮ್ಮನಿದ್ದರು. ಆಮೇಲೆ, "ಕೂರಕ್ಕೇನೋ ಕೂತ್ಕಂಡೆ ಕಣ್ಲಾ, ಏಳಾದೆಂಗೆ?" ಅಂದರು. ಆ ಕಾರು ಅಲ್ಲಿಗೇ ಕೈಬಿಟ್ಟೆ. ಸುಲಭದ ಪರೀಕ್ಷೆ: ಬಾಗಿಲು ತೆಗೆದು ಹಿರಿಯರನ್ನು ಸೀಟಿನ ಪಕ್ಕ ನಿಲ್ಲಿಸಿ. ಸೀಟಿನ ಮೇಲ್ಭಾಗ ಅವರ ಮಂಡಿಗಿಂತ ಮೇಲಿದ್ದರೆ ಕೂತೇಳುವುದು ಸುಲಭ, ಕೆಳಗಿದ್ದರೆ ಪ್ರತಿಸಲವೂ ಕೈ ಹಿಡಿದು ಎಬ್ಬಿಸಬೇಕು.

ಡಿಕ್ಕಿಯ ಲೀಟರ್ ಲೆಕ್ಕವನ್ನೂ ನೋಡಿಕೊಳ್ಳಿ: ಸ್ವಿಫ್ಟ್ 265, ಐ20 311, ಆಲ್ಟ್ರೋಜ್ 345. ಆದರೆ ಡಿಕ್ಕಿಯ ತುಟಿ ಎಷ್ಟು ಎತ್ತರ ಇದೆ ಎಂಬುದು ಅದಕ್ಕಿಂತ ಮುಖ್ಯ. ಊರಿಂದ ತೆಂಗಿನಕಾಯಿ ಮೂಟೆ, ಬೆಲ್ಲ, ಅಕ್ಕಿ ತರುವವರು 25 ಕೆಜಿ ಮೂಟೆಯನ್ನು ಸೊಂಟದೆತ್ತರಕ್ಕೆ ಎತ್ತಿ ಮತ್ತೆ ಒಳಗಿನ ಹಳ್ಳಕ್ಕೆ ಇಳಿಸಬೇಕಾಗುತ್ತದೆ.

ಟೆಸ್ಟ್ ಡ್ರೈವ್: ಅವರು ಹೇಳಿದ ದಾರಿಯಲ್ಲಿ ಬೇಡ

ಷೋರೂಂನವರು ನುಣುಪಾದ ಎರಡು ಕಿಲೋಮೀಟರ್ ತಿರುಗಿಸಿ ಕರೆತರುತ್ತಾರೆ. ಒಂದು ಗಂಟೆ ಬೇಕೆಂದು ಮೊದಲೇ ಫೋನಿನಲ್ಲಿ ಕೇಳಿ, ಭಾನುವಾರ ಬಿಟ್ಟು ಬೇರೆ ದಿನ ಹೋದರೆ ಕೊಡುತ್ತಾರೆ. ಮೈಸೂರಿನಲ್ಲಾದರೆ ನನ್ನ ದಾರಿ ಇದು. ಮೊದಲು ದೇವರಾಜ ಮಾರುಕಟ್ಟೆ ಸುತ್ತಮುತ್ತ ಜನಸಂದಣಿಯಲ್ಲಿ ಒಂದನೇ, ಎರಡನೇ ಗೇರಿನಲ್ಲಿ ತೆವಳಿಸಿ, ಟರ್ಬೊ ಎಳೆತ ಶುರುವಾಗುವ ಮುಂಚೆ ಕಾರು ತೂಕಡಿಸುತ್ತದೆಯೇ ನೋಡಿ. ಆಮೇಲೆ ರಿಂಗ್ ರೋಡಿನಲ್ಲಿ ಮೂರನೇ ಗೇರಿನಲ್ಲೇ 40ರಿಂದ 80. ಕೊನೆಗೆ ಚಾಮುಂಡಿ ಬೆಟ್ಟದ ರಸ್ತೆ. ಅಲ್ಲಿ ವೇಗ ಬೇಡ, ಭಕ್ತರು ನಡೆಯುತ್ತಿರುತ್ತಾರೆ, ಬಸ್ಸು ತಿರುವಿನಲ್ಲಿ ಪೂರ್ತಿ ರಸ್ತೆ ಹಿಡಿಯುತ್ತದೆ. 30–40ರಲ್ಲಿ ಹತ್ತುತ್ತಾ ಸ್ಟಿಯರಿಂಗ್ ಕೈಗೆ ಏನು ಹೇಳುತ್ತದೆ ಎಂದಷ್ಟೇ ಗಮನಿಸಿ. ಇಳಿಯುವಾಗ ಎರಡನೇ ಗೇರಿನಲ್ಲಿ ಬಿಟ್ಟು, ಬ್ರೇಕ್ ಎಷ್ಟು ಸಲ ತುಳಿಯಬೇಕಾಯಿತು ಎಂದು ಎಣಿಸಿ. ಮಂಗಳವಾರ, ಶುಕ್ರವಾರ ಬೇಡ. ಆಷಾಢದಲ್ಲಂತೂ ಬೇಡವೇ ಬೇಡ.

ಹಿಂದೆ ಒಬ್ಬರನ್ನು ಕೂರಿಸಿಕೊಂಡೇ ಇಷ್ಟೂ ಮಾಡಬೇಕು. ಬಿಗಿ ಸಸ್ಪೆನ್ಷನ್‌ನ ಪೆಟ್ಟು ಹಿಂದಿನವರ ಸೊಂಟಕ್ಕೆ ಮೊದಲು ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ

ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ನೂರಕ್ಕೆ 18ಕ್ಕೆ ಇಳಿಯಿತು. ಐ20 ಎನ್ ಲೈನ್, ಆಲ್ಟ್ರೋಜ್ ರೇಸರ್ ಎರಡೂ ಈ ಅಳತೆಯೊಳಗೇ ಬರುತ್ತವೆ. ಆದರೆ ನಮ್ಮ ರಾಜ್ಯದ ರಸ್ತೆ ತೆರಿಗೆಯ ಮೆಟ್ಟಿಲನ್ನು ಮರೆಯಬೇಡಿ. 5ರಿಂದ 10 ಲಕ್ಷದವರೆಗೆ ನೂರಕ್ಕೆ 14, ಹತ್ತು ದಾಟಿದರೆ 17, ಅದರ ಮೇಲೆ ಸೆಸ್. 9.95 ಲಕ್ಷದ ಕಾರಿಗೆ ತೆರಿಗೆ 1,39,300 ರೂಪಾಯಿ, 10.05 ಲಕ್ಷದ್ದಕ್ಕೆ 1,70,850. ಹತ್ತು ಸಾವಿರದ ಮೇಲಿನ ವೇರಿಯಂಟ್ ಎಂದು ಆಸೆಪಟ್ಟರೆ ತೆರಿಗೆಯಲ್ಲೇ 31,550 ಹೆಚ್ಚು ಹೋಗುತ್ತದೆ. ಸನ್‌ರೂಫ್ ಬೇಕೇ ಎಂದು ಇಲ್ಲಿ ಒಮ್ಮೆ ಯೋಚಿಸಿ.

ಪೆಟ್ರೋಲ್: ನನ್ನ ಹಾಗೆ ತಿಂಗಳಿಗೆ 2,200 ಕಿಲೋಮೀಟರ್ ಓಡಿಸುವವರಿಗೆ, ಲೀಟರಿಗೆ 15 ಕೊಡುವ ಕಾರಾದರೆ 147 ಲೀಟರ್, 20 ಕೊಡುವುದಾದರೆ 110. ಲೀಟರ್ 100 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 3,700 ವ್ಯತ್ಯಾಸ. ಟರ್ಬೊದಲ್ಲಿ ಈ ವ್ಯತ್ಯಾಸ ನಿಮ್ಮ ಬಲಗಾಲಿನದು. 80–90ರಲ್ಲಿ ಸಮವಾಗಿ ಹೋದರೆ ನನ್ನದು 18ರ ಹತ್ತಿರ ಕೊಡುತ್ತದೆ, ಎಳೆದು ಓಡಿಸಿದ ವಾರ 13ಕ್ಕೆ ಇಳಿದದ್ದೂ ಇದೆ.

ವಿಮೆಯಲ್ಲಿ ಝೀರೊ ಡೆಪ್ರಿಸಿಯೇಷನ್ (ಬಿಡಿಭಾಗದ ಸವಕಳಿ ಕಳೆಯದೆ ದುಡ್ಡು ಕೊಡುವುದು) ಜೊತೆಗೆ ಎಂಜಿನ್ ಪ್ರೊಟೆಕ್ಟ್ ಹಾಕಿಸಿ. 2022ರ ಆಗಸ್ಟ್ ಮಳೆಯಲ್ಲಿ ರಾಮನಗರದ ಬಳಿ ಹೆದ್ದಾರಿಯಲ್ಲೇ ಕಾರುಗಳು ಮುಳುಗಿದ್ದು ನೆನಪಿರಬಹುದು. ನೀರಿನಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಒಳಗೆ ನೀರು ಹೋದರೆ ಮಾಮೂಲಿ ಪಾಲಿಸಿ ಅದಕ್ಕೆ ದುಡ್ಡು ಕೊಡುವುದಿಲ್ಲ. ಬುಕ್ ಮಾಡುವ ಮುಂಚೆ ಸರ್ವಿಸ್ ಸೆಂಟರ್‌ನ ಬಿಡಿಭಾಗದ ಕೌಂಟರಿಗೆ ಹೋಗಿ, ಈ ಮಾಡೆಲ್‌ನ ಮುಂದಿನ ಬಂಪರ್ ಎಷ್ಟು, ಬರಲು ಎಷ್ಟು ದಿನ ಎಂದು ಕೇಳಿ. ಸ್ಪೋರ್ಟಿ ಮಾಡೆಲ್‌ನ ಬಂಪರ್ ಮಾಮೂಲಿ ಮಾಡೆಲ್‌ನದಕ್ಕಿಂತ ಬೇರೆ ಇರುತ್ತದೆ, ಸ್ಟಾಕ್ ಇಟ್ಟಿರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ

ಇಂಥ ಕಾರುಗಳನ್ನು ಮೊದಲ ಮಾಲೀಕರು ಹೆಚ್ಚಾಗಿ ಪ್ರೀತಿಯಿಂದ ಓಡಿಸಿರುತ್ತಾರೆ, ಜೋರಾಗಿಯೂ ಓಡಿಸಿರುತ್ತಾರೆ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಲು ಹೋಗಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ. ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬಂದರೆ ಟರ್ಬೊ ಅಥವಾ ಎಂಜಿನ್ ಎಣ್ಣೆ ಕುಡಿಯುತ್ತಿದೆ. ರಿಮ್‌ನ ಒಳಅಂಚಿನ ಸುತ್ತ ಬೆರಳು ಆಡಿಸಿ, ಸೊಟ್ಟಗಾದ ಜಾಗ ಕೈಗೇ ಸಿಗುತ್ತದೆ. ಟೈರ್ ಮೇಲಿನ ನಾಲ್ಕು ಅಂಕಿ ಓದಿ: 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕು ಟೈರಿನ ವಯಸ್ಸು ನಾಲ್ಕು ಥರ ಇದ್ದರೆ ಯಾಕೆಂದು ಕೇಳಿ.

ಎಂಜಿನ್ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸುವುದು) ಮಾಡಿಸಿದ್ದೀರಾ ಎಂದು ಮುಖಾಮುಖಿ ಕೇಳಬೇಕು. ಹೊರಗಿನ ಸೈಲೆನ್ಸರ್, ಬೇರೆ ಏರ್ ಫಿಲ್ಟರ್ ಕಂಡರೆ ಅದೂ ಆಗಿರುವ ಸಾಧ್ಯತೆ ಹೆಚ್ಚು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ವಿಮೆಯವರಿಗೆ ಕ್ಲೇಮ್ ನಿರಾಕರಿಸಲು ಅದೇ ಒಂದು ಕಾರಣ ಆಗುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. 2023ರ ಏಪ್ರಿಲ್‌ಗಿಂತ ಹಳೆಯ ಕಾರಾದರೆ ಇ20 ಪೆಟ್ರೋಲ್ (ನೂರಕ್ಕೆ 20 ಎಥನಾಲ್ ಬೆರೆಸಿದ್ದು) ಬಗ್ಗೆ ಮಾಲೀಕರ ಕೈಪಿಡಿಯಲ್ಲಿ ಏನಿದೆ ಎಂದು ಓದಿ ನೋಡಿ.

ಕಾರು ಮನೆಗೆ ಬಂದ ಮೇಲೆ

ಮೊದಲ 1,000 ಕಿಲೋಮೀಟರ್ ಎಂಜಿನ್ ಎಳೆಯಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಲೂ ಬೇಡಿ. ನಮ್ಮ ಸರ್ವಿಸ್ ರಸ್ತೆಗಳು ಇದಕ್ಕೆ ಸರಿಯಾಗಿವೆ. ಟರ್ಬೊ ಕಾರಿಗೆ ಆಯಿಲ್ ಬದಲಾವಣೆ ಒಂದು ವಾರವೂ ತಡವಾಗದಿರಲಿ. ಎಕ್ಸ್‌ಪ್ರೆಸ್‌ವೇಯಿಂದ ಇಳಿದವರು ತಕ್ಷಣ ಎಂಜಿನ್ ಆರಿಸದೆ ಒಂದು ನಿಮಿಷ ಹಾಗೇ ಬಿಡಿ, ಟರ್ಬೊ ತಣಿಯುತ್ತದೆ. ನನಗೆ ಸಂಜೆ ಆ ಕೆಲಸವನ್ನು ಹಳ್ಳಿ ರಸ್ತೆಯ 14 ಹಂಪ್‌ಗಳೇ ಮಾಡಿಕೊಡುತ್ತವೆ. ಷೋರೂಂನಿಂದ ಬರುವ ಹೊಸ ಕಾರಿನ ಟೈರಿನಲ್ಲಿ ಸಾಗಣೆಗೆಂದು ತುಂಬಿದ ಹೆಚ್ಚಿನ ಗಾಳಿ ಹಾಗೇ ಉಳಿದಿರುವುದುಂಟು. ಸಸ್ಪೆನ್ಷನ್ ತೀರಾ ಗಡಸು ಎಂದು ಮನೆಯವರು ಮೊದಲ ದಿನವೇ ದೂರಿದರೆ, ಮಾರನೆಯ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ, ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಬರೆದಷ್ಟಕ್ಕೆ ಇಳಿಸಿ, ಅವರನ್ನು ಮತ್ತೊಮ್ಮೆ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಹೋಗಿ ಬನ್ನಿ.